ಎಂಟನೆಯ ಉಂಗುರ

"ಎಡಗಣ್ಣು ಮುಚ್ಚಬೇಡ," ಎಂದ ಆರ್ವಿಡ್. "ಎರಡೂ ತೆರೆದೇ ಇರಲಿ. ಒಂದನ್ನ ಬಿಗಿಯಾಗಿ ಮುಚ್ಕೊಂಡ್ರೆ ಕಾಲು ಗಂಟೇಲಿ ಇನ್ನೊಂದೂ ಸೋತು ಹೋಗುತ್ತೆ."

"ಎರಡೂ ತೆರೆದ್ರೆ ಎಲ್ಲಾ ಎರಡೆರಡು ಕಾಣುತ್ತೆ ಮಾವ."

"ಎರಡು ದಿನ ಹಾಗೇ. ಆಮೇಲೆ ಅಭ್ಯಾಸ ಆಗುತ್ತೆ."

ಕೋರಾ ಟೋಪಿಯ ಅಂಚನ್ನು ಹಿಂದಕ್ಕೆ ತಿರುಗಿಸಿಕೊಂಡು ಮತ್ತೆ ದೂರದ್ದನ್ನು ಹತ್ತಿರ ತೋರಿಸುವ ಸ್ಕೋಪಿನ ಮೇಲೆ ಬಾಗಿದಳು. ವೆಂಡೆಲ್‌ನ ಬೇಟೆ ಸಾಮಾನಿನ ಅಂಗಡಿಯ ಹಿಂದೆ, ಆಲೂಗೆಡ್ಡೆ ಹೊಲದ ಬದುವಿನಲ್ಲಿ, ಒಂದು ಸಿಮೆಂಟು ಕಟ್ಟೆಯ ಮೇಲೆ ಮೂರು ಸ್ಕೋಪುಗಳು ತಂತಮ್ಮ ಟ್ರೈಪಾಡಿನ ಮೇಲೆ ಸಾಲಾಗಿ ಕೂತಿದ್ದವು. ಹೊಲದ ಆಚೆ ತುದಿಯಲ್ಲಿ, ಮುನ್ನೂರು ಗಜ ದೂರದಲ್ಲಿ, ಬೇಲಿ ಕಂಬಕ್ಕೆ ಕಾಡುಟಗರಿನ ಒಂಟಿ ಕೊಂಬೊಂದನ್ನು ಮೊಳೆ ಹೊಡೆದು ನಿಲ್ಲಿಸಲಾಗಿತ್ತು. ಇದು ವೆಂಡೆಲ್ ಮಾಡಿಕೊಂಡ ಪದ್ಧತಿ. ಸ್ಕೋಪು ಕೊಳ್ಳಲು ಬಂದವರು ಎಷ್ಟೇ ದೊಡ್ಡ ಬೇಟೆಗಾರರಾಗಿರಲಿ, ಆ ಕೊಂಬಿನ ಉಂಗುರಗಳನ್ನು ಎಣಿಸಿ ಅವನಿಗೆ ಒಪ್ಪಿಸಬೇಕು. ಒಬ್ಬರಿಂದೊಬ್ಬರು ಕೇಳಿಕೊಂಡು ಬಂದು ಹೇಳಬಾರದೆಂದು ಪ್ರತಿ ಶುಕ್ರವಾರ ಸಂಜೆ ಕೊಂಬು ಬದಲಾಯಿಸುತ್ತಿದ್ದ. ಎಣಿಕೆ ತಪ್ಪಿದವರಿಗೆ ಸ್ಕೋಪು ಮಾರುತ್ತಿರಲಿಲ್ಲವೆಂದೇನಲ್ಲ. ಮಾರುತ್ತಿದ್ದ, ಆದರೆ ಆ ವಾರವೆಲ್ಲ ಊರಿಗೆ ಅದೇ ಸುದ್ದಿ.

ಅಲಾಸ್ಕಾದಲ್ಲಿ ಟಗರಿನ ಬೇಟೆ ಶುರುವಾಗುವುದು ಆಗಸ್ಟ್ ಹತ್ತಕ್ಕೆ. ಹದಿನಾಲ್ಕು ದಿನ ಉಳಿದಿತ್ತು. ಕೊಂಬು ಪೂರ್ತಿ ಒಂದು ಸುತ್ತು ಬಂದಿರಬೇಕು, ಇಲ್ಲವೇ ಟಗರಿಗೆ ಎಂಟು ವರ್ಷ ತುಂಬಿರಬೇಕು, ಕಾನೂನು ಅಷ್ಟೇ. ಒಂದೊಂದು ಚಳಿಗಾಲ ಕಳೆದಾಗಲೂ ಕೊಂಬಿನ ಮೇಲೆ ಒಂದೊಂದು ಉಂಗುರ ಮೂಡುತ್ತದೆ. ಎಂಟಿದ್ದರೆ ಹೊಡೆಯಬಹುದು. ಏಳಿದ್ದರೆ ಒಂಬತ್ತು ದಿನ ನಡೆದು ಬಂದವನಾದರೂ ಒಂದು ನಮಸ್ಕಾರ ಹಾಕಿ ಹಿಂದಿರುಗಬೇಕು.

ಬೆಳಿಗ್ಗೆ ಇಬ್ಬರೂ ಅಂಗಡಿಯೊಳಗೆ ಕಾಲಿಟ್ಟಾಗಲೇ ವೆಂಡೆಲ್ ಶುರುಹಚ್ಚಿಕೊಂಡಿದ್ದ. "ಲೈಲ್ ಮಗಳಿಗೆ ಸ್ಕೋಪು ಯಾಕಮ್ಮ? ನಿಮ್ಮ ಮನೇಲಿ ನೋಡೋಕೆ ಮುಂಚೆನೇ ಹೊಡೆದುಬಿಡ್ತೀರಲ್ಲ."

ಕಾಫಿ ಲೋಟ ಹಿಡಿದು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತಿದ್ದ ಮುದುಕ ಟೋಯ್ವೊ ಮೈ ಕುಣಿಸಿ ನಕ್ಕ. ಶನಿವಾರದ ಕಾಫಿ ಅವನಿಗೆ ಅಲ್ಲೇ ಆಗಬೇಕು, ಬಿಟ್ಟಿಯಾಗಿ.

"ಅದಕ್ಕೇ ಮಾವನ್ನ ಕರ್ಕೊಂಡು ಬಂದಿದೀನಿ," ಎಂದು ಕೋರಾಳೂ ನಕ್ಕಳು. "ಈ ಸಲ ನೋಡಿ ಆಮೇಲೆ ಹೊಡೆಯೋಣ ಅಂತ." ಒಂಬತ್ತು ವರ್ಷದಿಂದ ಕೇಳಿ ಕೇಳಿ ಅವಳಿಗೆ ಆ ಮಾತು ರೂಢಿಯಾಗಿತ್ತು. ಆರ್ವಿಡ್ ಕೂಡ ನಕ್ಕ. ನಗದೆ ಇದ್ದರೆ ಯಾಕೆ ನಗಲಿಲ್ಲ ಎಂದು ಯಾರಾದರೂ ಕೇಳಿಬಿಟ್ಟಾರು ಎಂಬ ಅಂಜಿಕೆ ಅವನಿಗೂ ಒಂಬತ್ತು ವರ್ಷದ್ದು.

ಲೈಲ್ ಎಂದರೆ ಆರ್ವಿಡ್‌ನ ಹೆಂಡತಿ ಬೆವ್‌ಳ ತಮ್ಮ. ಎರಡು ವರ್ಷದ ಹಿಂದೆ ಮಾರ್ಚಿನಲ್ಲಿ, ಮನೆಯ ಮಾಡಿನ ಮೇಲಿನ ಹಿಮವನ್ನು ಸಲಿಕೆಯಲ್ಲಿ ತಳ್ಳುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಅವನ ಒಬ್ಬಳೇ ಮಗಳು ಕೋರಾ. ಇಪ್ಪತ್ತೇಳು ವರ್ಷ, ಕರೆಂಟು ಕಂಬ ಹತ್ತುವ ಕೆಲಸ, ಗಾಳಿಮಳೆಯ ದಿನ ಊರೆಲ್ಲ ಒಳಗೆ ಸೇರಿಕೊಂಡಾಗ ಇವಳು ಹೊರಗೆ. ಜೂನಿನಲ್ಲಿ ಒಂದು ಭಾನುವಾರ ಊಟಕ್ಕೆ ಬಂದವಳು, ತಟ್ಟೆಯಲ್ಲಿದ್ದ ಸಾಲ್ಮನ್ ಮೀನಿನ ಮುಳ್ಳು ಬಿಡಿಸುತ್ತಾ, "ಈ ವರ್ಷ ಟಗರಿಗೆ ನಾನು ಹೋಗ್ತೀನಿ ಮಾವ. ಬಂದೂಕಿಗೆ ನಾನು, ಗಾಜಿಗೆ ನೀನು," ಎಂದಿದ್ದಳು. ಬೆವ್‌ಳ ಕಣ್ಣು ಒದ್ದೆಯಾಯಿತು. ಆರ್ವಿಡ್‌ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಒಲ್ಲೆ ಎನ್ನಲು ಅವನಿಗೆ ಒಂದು ಕಾರಣವೂ ಸಿಗಲಿಲ್ಲ.

ಅಲ್ಲಿನ ಬೆಟ್ಟಕ್ಕೆ ಹೋಗುವವರು ಹೋಗುವುದು ಹೀಗೆಯೇ. ಒಬ್ಬ ಬಂದೂಕಿಗೆ, ಒಬ್ಬ ಗಾಜಿಗೆ, ಅಂದರೆ ಸ್ಕೋಪಿಗೆ. ಗಾಜಿನ ಮುಂದೆ ಕೂತವನು ಎಣಿಸಿ "ಹೂಂ" ಎನ್ನುವವರೆಗೆ ಬಂದೂಕಿನವನು ಟ್ರಿಗರ್ ಮೇಲೆ ಬೆರಳಿಡುವಂತಿಲ್ಲ. ಹೂಂ ಅಂದ ಮೇಲೆ ಮತ್ತೆ ಅನುಮಾನಿಸಿ ಸ್ಕೋಪಿನಲ್ಲಿ ಇಣುಕುವಂತೆಯೂ ಇಲ್ಲ, ಅದು ಗಾಜಿನವನಿಗೆ ಅವಮಾನ. ಈ ಎರಡು ಮಾತು ಯಾವ ಕಾನೂನು ಪುಸ್ತಕದಲ್ಲೂ ಬರೆದಿಲ್ಲ. ಆದರೆ ಹೂಂ ಬರುವ ಮುಂಚೆಯೇ ಹೊಡೆದವನ ಜೊತೆ ಮತ್ತೆ ಯಾರೂ ಬೆಟ್ಟ ಹತ್ತುವುದಿಲ್ಲ.

"ಈ ದೊಡ್ಡದರಲ್ಲಿ ಕೊಂಬಿನ ಮೇಲೆ ಕೂತ ನೊಣಾನೂ ಕಾಣುತ್ತೆ," ಎಂದಳು ಕೋರಾ ಮೊದಲ ಸ್ಕೋಪಿನಿಂದ ತಲೆಯೆತ್ತಿ. ಅದನ್ನು ಟ್ರೈಪಾಡ್ ಸಮೇತ ಎತ್ತಿ ಅಂಗೈಯಲ್ಲಿ ತೂಗಿ ನೋಡಿ ಮುಖ ಸಿಂಡರಿಸಿದಳು. "ಆದ್ರೆ ಇದನ್ನ ಹೊರೋಕೆ ಇನ್ನೊಬ್ಬಳು ಕೋರಾ ಬೇಕು. ಬೆಲೆ ನೋಡಿದ್ಯಾ? ನನ್ನ ಟ್ರಕ್ಕು ಮಾರಿದ್ರೂ ಇಷ್ಟು ಬರಲ್ಲ."

"ಮಧ್ಯದ್ದು ನೋಡು."

ಮಧ್ಯದ್ದು ಹಗುರ. ಆದರೆ ದೊಡ್ಡದು ಮಾಡಿದಂತೆಲ್ಲ ಚಿತ್ರ ಮಬ್ಬಾಗುತ್ತಿತ್ತು. ಬಿಸಿಲೇರಿದ ಹೊಲದ ಮೇಲಿನ ಗಾಳಿ ನಡುಗುವುದೂ ಅದರಲ್ಲಿ ಸೇರಿಕೊಂಡು ಕೊಂಬು ನೀರಿನೊಳಗೆ ಇದ್ದಂತೆ ಕಂಡಿತು. ಕೋರಾ ಅದನ್ನು ಬಿಟ್ಟು ಮೂರನೆಯದಕ್ಕೆ ಸರಿದಳು. ಹಸಿರು ಬಣ್ಣ ಅಲ್ಲಲ್ಲಿ ಹೆರೆದುಹೋದ, ಯಾರೋ ಬಳಸಿ ಬಿಟ್ಟ ಸ್ಕೋಪು. ಹಳೆಯ ಸಾಮಾನಿನ ಕಪಾಟಿನಿಂದ ಅವಳೇ ಆರಿಸಿ ತಂದದ್ದು.

ಆಗಲೇ ಹಿಂಬಾಗಿಲಿನಿಂದ ಹೊರಬಂದ ವೆಂಡೆಲ್ ಅದನ್ನು ನೋಡಿ, "ಗುರುತು ಸಿಕ್ತಾ ಆರ್ವಿಡ್? ನಿನ್ನದೇ ಅದು. ನನಗೆ ಮಾರಿದ್ಯಲ್ಲ. ಇಬ್ಬರ ಕೈ ದಾಟಿ ಮತ್ತೆ ನನ್ನ ಹತ್ರಾನೇ ಬಂದು ಕೂತಿದೆ," ಎಂದ.

ಗುರುತು ಸಿಗದೆ ಏನು. ಕೋರಾ ಅದನ್ನು ಕಪಾಟಿನಿಂದ ತೆಗೆದ ಗಳಿಗೆಯಲ್ಲೇ ಆರ್ವಿಡ್ ಮುಖ ತಿರುಗಿಸಿದ್ದ. "ಅದು ಬೇಡ ಕೋರಾ," ಎಂದ. "ಅದರ ಗಾಜು ಸರಿ ಇಲ್ಲ. ಅದಕ್ಕೇ ಮಾರಿದ್ದು."

"ಎಣಿಸಿ ನೋಡ್ತೀನಿ ಇರು."

ಅವಳು ಎಣಿಸತೊಡಗಿದಳು. ಎಡಗಣ್ಣು ತೆರೆದೇ ಇತ್ತು. ಆರ್ವಿಡ್ ಕಟ್ಟೆಗೆ ಒರಗಿ, ಮರದ ದಿಮ್ಮಿ ಬಿದ್ದು ನಜ್ಜಾಗಿದ್ದ ತನ್ನ ಬಲ ಮೊಣಕಾಲನ್ನು ನೀವಿಕೊಳ್ಳುತ್ತಾ ನಿಂತ.

ಒಂಬತ್ತು ವರ್ಷದ ಹಿಂದೆ ಇದೇ ಗಾಜಿನ ಹಿಂದೆ ಅವನು ಹೊಟ್ಟೆಯ ಮೇಲೆ ಮಲಗಿದ್ದ. ಅಂದು ಒಂಬತ್ತನೆಯ ದಿನ. ತಂದ ಊಟ ಮುಗಿದು ಎರಡು ದಿನದಿಂದ ಗಂಜಿ ಕುಡಿದುಕೊಂಡಿದ್ದರು. ಕೆಳಗಿನ ಕಣಿವೆಯಿಂದ ಮಂಜು ಮೇಲೇರಿ ಬರುತ್ತಿತ್ತು. ಎದುರಿನ ಬೆಟ್ಟದ ಏಣಿನ ಮೇಲೆ ಟಗರು ಪಕ್ಕಕ್ಕೆ ತಿರುಗಿ ನಿಂತಿತ್ತು. ಕೊಂಬಿನ ಸುತ್ತು ಪೂರ್ತಿಗೆ ಒಂದು ಹೆಬ್ಬೆರಳಿನಷ್ಟು ಕಡಿಮೆ, ಉಂಗುರವೇ ಗತಿ. ಲೈಲ್ ಅವನ ಪಕ್ಕದಲ್ಲಿ ಬಂದೂಕಿನ ಹಿಂದೆ ಮಲಗಿ ಇಪ್ಪತ್ತು ನಿಮಿಷದಿಂದ ಕದಲದೆ ಕಾಯುತ್ತಿದ್ದ. ಬೆರಳು ಟ್ರಿಗರಿನಿಂದ ಹೊರಗೇ ಇತ್ತು. ಆರ್ವಿಡ್ ಎಣಿಸಿದ, ಏಳು. ಮತ್ತೆ ಬುಡದಿಂದ ಎಣಿಸಿದ, ಏಳು. ತುದಿಯ ಹತ್ತಿರದ ಮೊದಲ ವರ್ಷದ ಉಂಗುರ ಸಾಮಾನ್ಯವಾಗಿ ಸವೆದು ಹೋಗಿರುತ್ತದೆ; ಅಲ್ಲೊಂದು ನೆರಳಿನ ಗೆರೆ ಇದ್ದ ಹಾಗಿತ್ತು. ಮಂಜು ಟಗರಿನ ಕಾಲು ಮುಟ್ಟಿತು. ಇನ್ನೊಂದು ನಿಮಿಷಕ್ಕೆ ಎಲ್ಲ ಮುಗಿಯುತ್ತಿತ್ತು, ಒಂಬತ್ತು ದಿನ, ಇಡೀ ವರ್ಷ, ಎಲ್ಲ. "ಎಂಟು. ಹೂಂ," ಎಂದ ಆರ್ವಿಡ್.

ಲೈಲ್ ಒಂದೇ ಗುಂಡಿಗೆ ಬೀಳಿಸಿದ. ಅವನೇ ಮೊದಲು ಹತ್ತಿ ಹೋದ. ಆರ್ವಿಡ್ ಮೊಣಕಾಲು ಎಳೆದುಕೊಂಡು ಮುಕ್ಕಾಲು ಗಂಟೆಯ ಮೇಲೆ ಅಲ್ಲಿಗೆ ತಲುಪಿದಾಗ, ಲೈಲ್ ಸತ್ತ ಟಗರಿನ ಪಕ್ಕ ಕೂತು ಕೊಂಬಿನ ಮೇಲೆ ಹೆಬ್ಬೆರಳು ಓಡಿಸುತ್ತಿದ್ದ.

"ಏಳು," ಎಂದ.

"ಗಾಜು ಸರಿ ಇಲ್ಲ ಲೈಲ್. ಮಂಜು ಬೇರೆ," ಎಂದ ಆರ್ವಿಡ್.

ಲೈಲ್ ಕೊಂಬಿನಿಂದ ಕೈ ತೆಗೆದು ಚಾಕು ಬಿಚ್ಚಿದ. ಆಮೇಲೆ ಹೇಳಿದ. "ನೋಡು, ಗುಂಡು ನನ್ನದು, ದಂಡ ಹೇಗಿದ್ರೂ ನಾನೇ ಕಟ್ಟೋದು. ಊರಲ್ಲಿ ಕೇಳಿದ್ರೆ ನಾನು ಕಾಯಲಿಲ್ಲ ಅನ್ನು. ನೀನಿನ್ನೂ ಎಣಿಸ್ತಾ ಇದ್ದೆ, ನಾನು ಹೊಡೆದುಬಿಟ್ಟೆ. ತಿಳೀತಾ? ಈ ಕಾಲು ಇಟ್ಕೊಂಡು ನಿನ್ನನ್ನ ಬೆಟ್ಟಕ್ಕೆ ಕರೆಯೋದು ಆ ಕಣ್ಣಿಗೋಸ್ಕರ. ಅದೂ ಕೆಟ್ಟಿದೆ ಅಂತಾದ್ರೆ ನಿನ್ನನ್ನ ಯಾರು ಕರೀತಾರೆ?"

ಬೇಡ ಎನ್ನಬೇಕಿತ್ತು. ಬೇಡ ಎನ್ನಲು ಇಳಿಯುವ ದಾರಿ ಮೂರು ದಿನದ್ದಿತ್ತು. ಆರ್ವಿಡ್ ಅನ್ನಲಿಲ್ಲ. ಇಬ್ಬರೂ ಕೊಂಬನ್ನು ತಾವಾಗಿಯೇ ವನ್ಯಜೀವಿ ಇಲಾಖೆಗೆ ಒಪ್ಪಿಸಿದರು, ಲೈಲ್ ದಂಡ ಕಟ್ಟಿದ, ಹದಿನೈದು ದಿನದಲ್ಲಿ ಆರ್ವಿಡ್ ಆ ಸ್ಕೋಪನ್ನು ಮಾರಿದ. ಮರುವರ್ಷ ಲೈಲ್‌ನನ್ನು ಯಾರೂ ಕರೆಯಲಿಲ್ಲ. ಆರ್ವಿಡ್‌ನನ್ನು ವೆಂಡೆಲ್ ಕರೆದ. ಅವನು ಹೋದ. ಅದರ ಮರುವರ್ಷವೂ ಹೋದ. ಲೈಲ್ ಆಗಸ್ಟಿನಲ್ಲಿ ಮನೆಯ ಜಗಲಿಯಲ್ಲಿ ಕೂತು ಹಳೆಯ ದೋಣಿಗೆ ಬಣ್ಣ ಬಳಿಯುತ್ತಿದ್ದ. ಟಗರಿನ ಮಾಂಸ ಕೊಡಲು ಆರ್ವಿಡ್ ಹೋದರೆ, "ಎಷ್ಟು ಉಂಗುರ?" ಎಂದಷ್ಟೇ ಕೇಳುತ್ತಿದ್ದ. ಅವನ ಎದುರು ನಿಂತು ಸಂಖ್ಯೆ ಹೇಳುವಾಗ ಆರ್ವಿಡ್‌ಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸುತ್ತಿತ್ತು. ಆದರೂ ಮರುವರ್ಷ ಕರೆ ಬಂದರೆ ಹೊರಟುಬಿಡುತ್ತಿದ್ದ.

"ಒಂಬತ್ತು," ಎಂದಳು ಕೋರಾ. "ಎಂಟು ಸರಿಯಾಗಿ ಕಾಣುತ್ತೆ. ತುದಿ ಹತ್ರ ಇರೋದು ಸವೆದಿದೆ, ಆದ್ರೆ ಅದು ಉಂಗುರಾನೇ. ನೆರಳಲ್ಲ."

"ಮಾವ ನೋಡ್ಲಿ," ಎಂದ ವೆಂಡೆಲ್.

ಆರ್ವಿಡ್ ದೊಡ್ಡ ಸ್ಕೋಪಿನಲ್ಲಿ ನೋಡಿದ. ಒಂಬತ್ತು. ಆಮೇಲೆ, ಬೇಡ ಬೇಡವೆನಿಸಿದರೂ, ತನ್ನ ಹಳೆಯದರ ಮೇಲೆ ಬಾಗಿದ. ಕೊಂಬು ಸ್ವಲ್ಪ ಚಿಕ್ಕದಾಗಿ, ಸ್ವಲ್ಪ ಹಳದಿಯಾಗಿ ಕಂಡಿತು, ಅಷ್ಟೇ. ಉಂಗುರಗಳು ಒಂದರ ಪಕ್ಕ ಒಂದು ಕೂತಿದ್ದವು. ಇಷ್ಟು ವರ್ಷ ಗಾಜಿನದೇ ತಪ್ಪು ಎಂದು ತನಗೆ ತಾನೇ ಹೇಳಿಕೊಂಡು, ಕೊನೆಗೆ ಅರ್ಧ ನಂಬಿಯೂ ಇದ್ದ. ಆ ಅರ್ಧವೂ ಈಗ ಹೋಯಿತು.

"ಒಂಬತ್ತು," ಎಂದ.

"ಇಬ್ಬರೂ ಪಾಸು," ಎಂದ ವೆಂಡೆಲ್. ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ಅವನು ಹೋದ.

ಕೋರಾ ಹಳೆಯ ಸ್ಕೋಪಿನ ಮೈಮೇಲಿನ ಧೂಳನ್ನು ತೋಳಿನಲ್ಲಿ ಒರೆಸಿದಳು. "ಇದೇ ಸಾಕು ಮಾವ. ಗಾಜಿಗೇನೂ ಆಗಿಲ್ಲ, ನೀನು ಸುಮ್ನೆ ಮಾರಿದೀಯ."

"ದೊಡ್ಡದು ತಗೋ. ದುಡ್ಡು ನಾನು ಕೊಡ್ತೀನಿ."

"ಯಾಕೆ? ತಲೆ ಕೆಟ್ಟಿದ್ಯಾ?"

"ನಿಮ್ಮಪ್ಪ ಇದ್ದಿದ್ರೆ ಕೊಡಿಸ್ತಿದ್ದ."

"ಅಪ್ಪ ಇದ್ದಿದ್ರೆ ಸ್ಕೋಪೇ ಬೇಡ, ಬಾ ಹೊಡೆಯೋಣ ಅಂತಿದ್ದ." ನಕ್ಕು, ಮತ್ತೆ ಸಣ್ಣ ದನಿಯಲ್ಲಿ ಅಂದಳು. "ನಿಜ ಹೇಳಲಾ ಮಾವ? ನನಗೆ ಭಯ ಇರೋದು ಅದೊಂದೇ. ನನ್ನಲ್ಲೂ ಅದೇ ರಕ್ತ ಇದೆ ಅಂತ. ಕಂಬದ ಮೇಲೆ ಒಂದೊಂದು ತಂತಿ ಮುಟ್ಟೋಕೆ ಮುಂಚೆ ಮೂರು ಸಲ ಪರೀಕ್ಷೆ ಮಾಡ್ತೀನಿ. ಜೊತೆಯವರು ಬೈತಾರೆ, ನಿಧಾನ ಅಂತ. ಬೈಲಿ. ಬೆಟ್ಟದ ಮೇಲೂ ಅಷ್ಟೇ, ನೀನು ಹೂಂ ಅನ್ನೋವರೆಗೆ ನನ್ನ ಬೆರಳು ಹೊರಗೇ ಇರುತ್ತೆ. ಅಪ್ಪ ಮಾಡಿದ್ದು ನಾನು ಮಾಡಲ್ಲ."

ಆರ್ವಿಡ್ ಅವಳ ಕಡೆ ತಿರುಗಿದ. ಇಷ್ಟು ದಿನ ಆ ಸುಳ್ಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ತನ್ನೊಬ್ಬನ ಪಾಡು ಎಂದುಕೊಂಡಿದ್ದ. ಈ ಹುಡುಗಿ ಕಂಬ ಕಂಬಕ್ಕೂ ಅದನ್ನು ಹೊತ್ತುಕೊಂಡು ಹತ್ತುತ್ತಿದ್ದಳೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಕೋರಾ, ನಿಮ್ಮಪ್ಪ ಆತುರ ಪಡಲಿಲ್ಲ."

"ಹೋಗ್ಲಿ ಬಿಡು ಮಾವ. ಈಗ ಯಾಕೆ ಅದು."

"ಕಾದ. ಇಪ್ಪತ್ತು ನಿಮಿಷ ಕಾದ. ನಾನು ಹೂಂ ಅಂದ ಮೇಲೇ ಹೊಡೆದದ್ದು."

ಅವಳು ಟೋಪಿ ತೆಗೆದು ಕೈಯಲ್ಲಿ ಹಿಡಿದಳು. ಹೊಲದಲ್ಲಿ ಯಾರದೋ ಟ್ರಾಕ್ಟರ್ ತಿರುಗುತ್ತಿತ್ತು. ಅದರ ಕಡೆ ನೋಡುತ್ತಾ, "ನೀನು ತಪ್ಪು ಎಣಿಸಿದ್ಯಾ?" ಎಂದಳು.

"ಇಲ್ಲ. ಸರಿಯಾಗೇ ಎಣಿಸಿದೆ. ಎರಡು ಸಲ ಏಳು ಬಂತು. ಎಂಟು ಅಂದೆ."

"ಅಪ್ಪನಿಗೆ ಗೊತ್ತಿತ್ತಾ?"

"ತಪ್ಪು ಎಣಿಸಿದೆ ಅಂತ ತಿಳ್ಕೊಂಡಿದ್ದ. ಗೊತ್ತಿದ್ದೂ ಅಂದೆ ಅಂತ ಅವನಿಗೂ ಹೇಳಲಿಲ್ಲ. ಕಾಯಲಿಲ್ಲ ಅಂತ ಊರಿಗೆ ಹೇಳಿದ್ದು ಅವನೇ. ನನ್ನ ಕಾಲಿನ ಸಲುವಾಗಿ. ಕಣ್ಣೂ ಕೆಟ್ಟಿದೆ ಅಂದ್ರೆ ನನ್ನನ್ನ ಯಾರೂ ಕರೆಯಲ್ಲ ಅಂತ."

"ಕರೆದ್ರು ನಿನ್ನನ್ನ."

"ಹೂಂ."

"ನೀನು ಹೋದೆ."

ಆರ್ವಿಡ್ ಹೌದೆಂದು ತಲೆಯಾಡಿಸಿದ.

"ಚರ್ಚಲ್ಲಿ ಅಪ್ಪನ ಪೆಟ್ಟಿಗೆ ಮುಂದೆ ನಿಂತ್ಕೊಂಡು ನೀನೇ ಹೇಳಿದ್ದು," ಎಂದಳು ಕೋರಾ. ಅವಳ ಮಾತು ನಿಧಾನವಾಗಿತ್ತು, ಒಂದೊಂದು ತಂತಿ ಮುಟ್ಟಿ ನೋಡುವವಳ ಹಾಗೆ. "ನಮ್ಮ ಲೈಲ್‌ಗೆ ಎಲ್ಲದಕ್ಕೂ ಆತುರ, ಹೋಗೋದಕ್ಕೂ ಆತುರ ಅಂತ. ಎಲ್ಲರೂ ನಕ್ರು. ಅತ್ತೆ ಅಳ್ತಾ ಅಳ್ತಾ ನಕ್ಳು. ನಾನೂ ನಕ್ಕೆ."

"ಆ ಮಾತು ಬಾಯಿಗೆ ಬಂದುಬಿಡ್ತು ಕಣಮ್ಮ. ಎಲ್ಲರೂ ಅದನ್ನೇ ಕಾಯ್ತಾ ಇದ್ರು. ಅವತ್ತಿಂದ ಒಂದು ದಿನಾನೂ—"

"ನನಗೆ ಹೇಳಬೇಡ." ಕೋರಾ ಟೋಪಿ ಹಾಕಿಕೊಂಡಳು. "ನಾನು ಅಪ್ಪನ್ನ ಬಿಟ್ಟು ಬೆಟ್ಟಕ್ಕೆ ಹೋದವಳಲ್ಲ. ಬಿಟ್ಟು ಹೋದವರು ಒಳಗಿದಾರೆ."

ಅವಳು ಕಟ್ಟೆಯಿಂದ ಇಳಿದು ಅಂಗಡಿಯ ಹಿಂಬಾಗಿಲನ್ನು ಪೂರ್ತಿ ತೆರೆದು, ಅದನ್ನು ಬೆನ್ನಿನಿಂದ ಒತ್ತಿ ಹಿಡಿದು ನಿಂತಳು. ಸ್ಕೋಪುಗಳನ್ನು ತಿರುಗಿ ಕೂಡ ನೋಡಲಿಲ್ಲ. ಒಳಗಿಂದ ಟೋಯ್ವೊ, "ಬಾಗಿಲು ಹಾಕಮ್ಮ ತಾಯಿ, ಸೊಳ್ಳೆ ಬರುತ್ತೆ," ಎಂದು ಕೂಗಿದ. ಅವಳು ಕದಲಲಿಲ್ಲ. ಕಟ್ಟೆಯಿಂದ ಬಾಗಿಲಿಗೆ ಹತ್ತು ಹೆಜ್ಜೆ ಇದ್ದೀತು. ಆರ್ವಿಡ್ ಅಷ್ಟನ್ನು ನಡೆಯಲು ತೆಗೆದುಕೊಂಡ ಹೊತ್ತಿನಲ್ಲಿ ಒಳಗಿನವರಿಬ್ಬರೂ ಮಾತು ನಿಲ್ಲಿಸಿ ಬಾಗಿಲ ಕಡೆ ತಿರುಗಿದ್ದರು.

"ಏನು, ಯಾವುದು ಅಂತ ತೀರ್ಮಾನ ಆಯ್ತಾ?" ಎಂದ ವೆಂಡೆಲ್ ಗಲ್ಲಾದ ಹಿಂದಿನಿಂದ.

"ಲೈಲ್ ಕಾದಿದ್ದ ವೆಂಡೆಲ್."

"ಯಾವ ಲೈಲ್? ನಮ್ಮ ಲೈಲೇನಾ?"

"ಆ ಏಳು ವರ್ಷದ ಟಗರು. ಅವನು ಕಾದಿದ್ದ. ಹೂಂ ಅಂದದ್ದು ನಾನು. ಏಳು ಅಂತ ಗೊತ್ತಿದ್ದೂ ಅಂದೆ. ಅವನು ಅದನ್ನ ತನ್ನ ಮೇಲೆ ಹಾಕ್ಕೊಂಡ, ನಾನು ಹಾಕ್ಕೊಳ್ಳೋಕೆ ಬಿಟ್ಟೆ."

ಟೋಯ್ವೊ ಲೋಟವನ್ನು ಬೆಂಚಿನ ಮೇಲೆ ಇಟ್ಟ. ನಗಬೇಕೋ ಬೇಡವೋ ತಿಳಿಯದವನಂತೆ ಕೋರಾಳ ಮುಖ ನೋಡಿದ, ಆಮೇಲೆ ನೆಲ ನೋಡಿದ. ಆರ್ವಿಡ್ ಬೈಗುಳಕ್ಕೆ ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ವೆಂಡೆಲ್ ಬೈಯಲಿಲ್ಲ. ಎರಡು ಕೈಯನ್ನೂ ಗಾಜಿನ ಪೆಟ್ಟಿಗೆಯ ಮೇಲೆ ಊರಿಕೊಂಡು ನಿಂತ. ಅವನ ಮುಖದ ಬಣ್ಣ ಮೆಲ್ಲಗೆ ಇಳಿಯಿತು.

"ಸಾಯೋಕೆ ಮುಂಚಿನ ಆಗಸ್ಟಲ್ಲಿ ಇಲ್ಲಿಗೆ ಬಂದಿದ್ದ ಅವನು," ಎಂದ ಕೊನೆಗೆ. "ಇಲ್ಲೇ, ನೀನು ನಿಂತಿದೀಯಲ್ಲ, ಅಲ್ಲೇ ನಿಂತಿದ್ದ. ನಿಮ್ಮ ಜೊತೆ ನಾನೂ ಬರಲಾ ಅಂದ. ಬಂದೂಕು ಮನೇಲೇ ಬಿಟ್ಟು ಬರ್ತೀನಿ ವೆಂಡೆಲ್, ಬರೀ ಹೊರೆ ಹೊರ್ತೀನಿ ಅಂದ."

"ನೀವೇನಂದ್ರಿ?" ಎಂದು ಕೋರಾ ಬಾಗಿಲಲ್ಲೇ ನಿಂತು ಕೇಳಿದಳು.

ವೆಂಡೆಲ್ ಅವಳ ಕಡೆ ನೋಡಲಿಲ್ಲ. "ಆ ವರ್ಷ ಗಾಜಿಗೆ ನೀನಿದ್ದೆ ಆರ್ವಿಡ್. ಅವನು ಜೊತೇಲಿದ್ರೆ ನಿನಗೆ ಕಷ್ಟ ಆಗುತ್ತೆ ಅಂತ ನಾನೇ..." ಅಷ್ಟಕ್ಕೆ ನಿಲ್ಲಿಸಿದ. ಪೆಟ್ಟಿಗೆಯ ಮೇಲಿದ್ದ ಬಟ್ಟೆಚೂರು ತೆಗೆದುಕೊಂಡು, ಒರೆಸಿಯೇ ಇದ್ದ ಗಾಜನ್ನು ಒಂದೇ ಕಡೆ ಒರೆಸತೊಡಗಿದ.

ತೆರೆದ ಬಾಗಿಲಿನಿಂದ ಹೊಲದ ಗಾಳಿ ಒಳಗೆ ಬರುತ್ತಿತ್ತು. ಗೋಡೆಯ ಸಾಲಿನಲ್ಲಿದ್ದ ಸ್ಕೋಪುಗಳ ಬೆಲೆಚೀಟಿಗಳು ದಾರದ ತುದಿಯಲ್ಲಿ ಒಂದು ಸುತ್ತು ತಿರುಗಿ, ನಿಂತು, ಮತ್ತೆ ಹಿಂದಕ್ಕೆ ತಿರುಗಿದವು. ಬಾಗಿಲು ಹಾಕು ಎಂದು ಈಗ ಯಾರೂ ಅನ್ನಲಿಲ್ಲ.